ಮೋಟಾರಿನೊಳಗಿನ ಕಾಣದ ಕಾಲುವೆ

ಇಂಡಿಯ ನಿಂಬೆಯ ತೋಟವಾಗಲಿ, ಸಿಂದಗಿಯ ಹೊಲವಾಗಲಿ, ಬೇಸಿಗೆಯಲ್ಲಿ ಒಕ್ಕಲಿಗನ ಎದೆ ನಡುಗಿಸುವ ಮಾತು ಒಂದೇ: “ಮೋಟಾರು ಸುಟ್ಟೈತ್ರಿ!” ಪೇಟೆಯಲ್ಲಿರುವ ನಾವು ನಿಂಬೆಯ ಬೆಲೆ ಏರಿತೆಂದು ಗೊಣಗುವೆವು, ಏರಿದ್ದೇಕೆಂದು ಕೇಳುವವರು ವಿರಳ. ಸುಟ್ಟ ತಾಮ್ರದ ತಂತಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಅದರೊಡನೆ ಕೆಡಬಹುದಾದ, ಆದರೆ ಕಣ್ಣಿಗೆ ಬೀಳದ ಇನ್ನೊಂದು ಅಂಗವುಂಟು. ಅದೇ ಕಾಂತಮಂಡಲ.

ಕಾಂತಮಂಡಲವೆಂದರೇನು? ಮುದ್ದೇಬಿಹಾಳದ ಸೀಮೆಯಲ್ಲಿ ಏತ ನೀರಾವರಿಯ ಕಾಲುವೆಗಳನ್ನು ಕಂಡ ವಾಚಕರಿಗೆ ಇದು ಕಷ್ಟವಲ್ಲ. ಪಂಪು ನೀರನ್ನು ನೂಕುತ್ತದೆ, ಕಾಲುವೆ ಒಯ್ಯುತ್ತದೆ. ಮೋಟಾರಿನಲ್ಲಿ ನೂಕುವುದು ತಂತಿಯ ಸುರುಳಿ, ಒಯ್ಯುವುದು ಕಬ್ಬಿಣ. 100 ಸುತ್ತಿನ ಸುರುಳಿಯಲ್ಲಿ 2 ಆಂಪೇರ್ ಹರಿದರೆ ನೂಕುಬಲ 200 ಆಂಪೇರ್-ಸುತ್ತು. ಇದನ್ನು ದಾರಿಯ ತಡೆಯಿಂದ ಭಾಗಿಸಿದರೆ ದೊರೆಯುವುದೇ ಕಾಂತಪ್ರವಾಹ. ಓಮನ ನಿಯಮದ ಒಡಹುಟ್ಟು ಇದು. ಇಂಗ್ಲೆಂಡಿನ ಹಾಪ್ಕಿನ್‌ಸನ್ ಸೋದರರು 1886ರಲ್ಲಿ ಡೈನಮೋ ಯಂತ್ರಗಳ ಲೆಕ್ಕವನ್ನು ಈ ಬಗೆಯಲ್ಲಿಯೇ ಹಾಕಿ ತೋರಿಸಿದರು.

ಈ ದಾರಿಯಲ್ಲಿ ಅತಿ ದೊಡ್ಡ ತಡೆ ಗಾಳಿ. ಕಬ್ಬಿಣವು ಗಾಳಿಗಿಂತ 4000 ಪಟ್ಟು ಸುಗಮವೆಂದು ಹಿಡಿದರೆ, 1 ಮಿಲಿಮೀಟರ್ ಗಾಳಿಯ ಸಂದು 4 ಮೀಟರ್ ಕಬ್ಬಿಣಕ್ಕೆ ಸಮ! ಆದರೂ ತಿರುಗುವ ಭಾಗಕ್ಕೆ ಸಂದು ಬೇಕೇ ಬೇಕು. ಬೇರಿಂಗು ಸವೆದರೆ ಆ ಸಂದು ಒಂದೆಡೆ ಕಿರಿದಾಗಿ, ಮತ್ತೊಂದೆಡೆ ಹಿರಿದಾಗಿ, ಎಳೆತ ಓರೆಯಾಗುತ್ತದೆ. ಗಡಗಡ ಸದ್ದು ಕೇಳಿದೊಡನೆ ಎಚ್ಚರಗೊಳ್ಳಬೇಕು.

ವೋಲ್ಟೇಜು ಕುಸಿದಾಗ ಕಾಂತಪ್ರವಾಹವೂ ಕುಸಿಯುತ್ತದೆ. ವೋಲ್ಟೇಜು ನೂರಕ್ಕೆ 80ಕ್ಕೆ ಇಳಿದರೆ ಮೋಟಾರಿನ ತಿರುಗುಬಲ ಸುಮಾರು 64ಕ್ಕೆ ಇಳಿಯುತ್ತದೆ. ಮೇಲೆತ್ತಬೇಕಾದ ನೀರಿನ ಭಾರವೇನೋ ಇಳಿಯದು! ಮೋಟಾರು ಹೆಚ್ಚು ವಿದ್ಯುತ್ತನ್ನು ಸೆಳೆದು ಕಾಯುತ್ತದೆ. ಕೊನೆಗೆ ತಂತಿ ಸುಡುತ್ತದೆ.

ಇಲ್ಲಿಗೆ ಅನರ್ಥ ಮುಗಿಯದು. ಮೋಟಾರಿನ ಕಬ್ಬಿಣ ಇಡಿಯ ಗಟ್ಟಿಯಲ್ಲ. ಸುಮಾರು ಅರ್ಧ ಮಿಲಿಮೀಟರಿನ ತಗಡುಗಳ ಜೋಡಣೆ. ತಗಡು ತಗಡಿನ ನಡುವೆ ತೆಳುವಾದ ಲೇಪವಿದೆ. ಕಬ್ಬಿಣದೊಳಗೆ ಸುಳಿಯಾಗಿ ಹುಟ್ಟಿ ಶಾಖವಾಗುವ ವಿದ್ಯುತ್ತನ್ನು ಹತ್ತಿಕ್ಕುವುದು ಈ ಲೇಪವೇ. ಹಳೆಯ ತಂತಿ ಬೇಗ ಕಳಚಲೆಂದು ಮೋಟಾರನ್ನು ಬೆಂಕಿಗೆ ಒಡ್ಡಿದರೆ ಲೇಪವೂ ಸುಟ್ಟು ಹೋಗುತ್ತದೆ. ಹೊಸ ತಂತಿ ಸುತ್ತಿ ತಂದ ಮೋಟಾರು ತಿರುಗುತ್ತದೆ, ನಿಜ. ಆದರೆ ಕಬ್ಬಿಣ ಒಳಗೊಳಗೇ ಕಾಯುತ್ತಿರುತ್ತದೆ. ಮುಂದಿನ ಬೇಸಿಗೆಗೆ ಮತ್ತೆ ಅದೇ ಗೋಳು.

ಬಸವನ ಬಾಗೇವಾಡಿಯ ಸೀಮೆಯ ಕೂಡಗಿಯಲ್ಲಿ ತಲಾ 800 ಮೆಗಾವಾಟಿನ ಮೂರು ಘಟಕಗಳಿವೆ. ಆಲಮಟ್ಟಿಯ ಜಲವಿದ್ಯುದಾಗಾರದ ಸಾಮರ್ಥ್ಯ 290 ಮೆಗಾವಾಟ್. ಆ ಮಹಾಯಂತ್ರಗಳಿಗೂ ಬಾವಿಯ ದಂಡೆಯ ಪುಟ್ಟ ಮೋಟಾರಿಗೂ ನಿಯಮ ಒಂದೇ. ಅಲ್ಲಿ ಕಾಯಲು ಇಂಜಿನಿಯರುಗಳಿದ್ದಾರೆ. ಇಲ್ಲಿ ಒಡೆಯನೇ ಕಾವಲುಗಾರ. ಊರಿನಲ್ಲಿ ಹೊಲವುಳ್ಳ ವಾಚಕರು ಮುಂದಿನ ಸಲ ವೈಂಡಿಂಗ್ ಅಂಗಡಿಯಲ್ಲಿ ದರ ಕೇಳುವ ಮೊದಲು, “ಹಳೆಯ ತಂತಿಯನ್ನು ಹೇಗೆ ತೆಗೆಯುವಿರಿ?” ಎಂದು ಕೇಳಲಿ.