ದೇವರ ಕುರ್ಚಿಯಲ್ಲಿ ನಮ್ಮಂಥವನು

2003ರ ಇಂಗ್ಲಿಷ್ ಹಾಸ್ಯಚಿತ್ರ ‘ಬ್ರೂಸ್ ಆಲ್‌ಮೈಟಿ’ಯಲ್ಲಿ ಟಿ.ವಿ. ವರದಿಗಾರನೊಬ್ಬ ದೇವರನ್ನು ಬೈಯುತ್ತಾನೆ; ದೇವರು ತನ್ನ ಶಕ್ತಿಯನ್ನೇ ಅವನಿಗೆ ಒಪ್ಪಿಸಿಬಿಡುತ್ತಾನೆ. 2008ರಲ್ಲಿ ಅದೇ ಧಾಟಿಯ ಹಿಂದಿ ಚಿತ್ರವೂ ಬಂತು. ಅದರಲ್ಲಿ ಅಮಿತಾಭ್ ಬಚ್ಚನ್ ದೇವರು, ಶಕ್ತಿ ಪಡೆದವನು ಸಲ್ಮಾನ್ ಖಾನ್. ಇಂಥವು ದೈವನಿಂದೆಯೆಂದು ನಮ್ಮ ಬಂಧುಗಳಲ್ಲಿ ಕೆಲವರು ಇಂದಿಗೂ ಮುನಿಯುತ್ತಾರೆ. ನಾನು ಒಪ್ಪಲಾರೆ. ನಮ್ಮ ಯರಗೇರಾದ ಒಂದು ದಿಕ್ಕಿಗೆ ಮಂತ್ರಾಲಯ, ಇನ್ನೊಂದು ದಿಕ್ಕಿಗೆ ಜಗನ್ನಾಥದಾಸರ ಮಾನ್ವಿ. ದಾಸರ ಈ ನೆಲದವರಿಗೆ ನಿಂದಾಸ್ತುತಿ ಹೊಸದೇ? ಪುರಂದರದಾಸರು ವಿಠಲನನ್ನು ತರಾಟೆಗೆ ತೆಗೆದುಕೊಂಡದ್ದನ್ನು ತಾಳ ಹಾಕಿ ಹಾಡುವ ನಾವು ಒಂದು ಚಿತ್ರದ ನಗೆಗೆ ಬೆದರಬೇಕೇ?

ಮುನಿಯುವುದಾದರೆ ಬೇಡುವವರ ಮೇಲೆ ಮುನಿಯಿರಿ. ಬ್ರೂಸ್ ಎಲ್ಲ ಪ್ರಾರ್ಥನೆಗಳಿಗೂ ಒಟ್ಟಿಗೇ ‘ಆಗಲಿ’ ಎಂದುಬಿಡುತ್ತಾನೆ. ಬೇಡಿದವರಿಗೆಲ್ಲ ಲಾಟರಿ ಹೊಡೆದು ಒಬ್ಬೊಬ್ಬರ ಪಾಲಿಗೆ ಪುಡಿಗಾಸು ಬರುತ್ತದೆ, ಊರಲ್ಲಿ ದೊಂಬಿ.

ಆ ಕುರ್ಚಿಯಲ್ಲಿ ನಾನೂ ಕುಳಿತಿದ್ದೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬನಿಗೆ ಗಣಿತದಲ್ಲಿ ಮೂವತ್ತೈದಕ್ಕೆ ಆರು ಅಂಕ ಕಡಿಮೆ. ಅವನ ತಂದೆ ಮನೆ ಬಾಗಿಲಿಗೆ ಬಂದು, “ನೀವೇ ನಮ್ ದೇವ್ರು ರೀ ಸರ” ಎಂದ. (ಆ ಮಾತು ಹಿತವಾಗಿತ್ತು, ಸುಳ್ಳೇಕೆ ಹೇಳಲಿ.) ಕೊಟ್ಟೆ. ಮರುವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಯಿತು. ಹುಡುಗ ಮತ್ತೆ ಶಾಲೆಯ ಕಡೆ ಸುಳಿಯಲಿಲ್ಲ. ಲಾಟರಿಯ ಆ ದೃಶ್ಯಕ್ಕೆ ಮನೆಮಂದಿಯೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.