ಅಡುಗೆಮನೆಯ ಮಾತು: ಬಾಣಲೆ ಇಳಿಸಿ, ಗರಿಗರಿ ಉಳಿಸಿ



ಈ ಸಲ ನನ್ನ ಕೈಗೆ ಬಂದ ಕಾಗದಗಳಲ್ಲಿ ಐದು ಒಂದೇ ವಿಷಯವನ್ನು ಕುರಿತವು. ಹಾಸನದಿಂದ ಎರಡು, ಚನ್ನರಾಯಪಟ್ಟಣ ಮತ್ತು ಅರಕಲಗೂಡಿನಿಂದ ಒಂದೊಂದು, ಹೊಳೆನರಸೀಪುರದಿಂದ ಉದ್ದನೆಯದೊಂದು. ಎಲ್ಲರ ಮನೆಗೂ ಏರ್ ಫ್ರೈಯರ್ ಬಂದು ಕೂತಿದೆ. ಯಾರಿಗೋ ಮಗಳು ಕಳಿಸಿದ್ದು, ಯಾರೋ ಚೀಟಿ ದುಡ್ಡಿನಲ್ಲಿ ಕೊಂಡದ್ದು. ಆಲೂಗೆಡ್ಡೆ ಹಾಕಿದರೆ ಒಮ್ಮೆ ಸುಟ್ಟುಹೋಗುತ್ತದೆ, ಒಮ್ಮೆ ರಬ್ಬರಿನಂತಾಗುತ್ತದೆ, ಏನು ಮಾಡೋದು ಹೇಳಿ ಎಂಬುದು ನಾಲ್ವರ ಪ್ರಶ್ನೆ.

ಹೊಳೆನರಸೀಪುರದ ಸೋದರಿಯ ಪ್ರಶ್ನೆ ಬೇರೆ. ಅವರ ಯಜಮಾನರಿಗೆ ಎರಡು ವರ್ಷದಿಂದ ಸಕ್ಕರೆ ಕಾಯಿಲೆ. ಕರಿದದ್ದು ಬೇಡವೆಂದು ಡಾಕ್ಟರು ಹೇಳಿದ್ದಾರೆ. ಗೌರಿ ಹಬ್ಬಕ್ಕೆ ಮಗ ಬೆಂಗಳೂರಿನಿಂದ ಈ ಯಂತ್ರ ತಂದುಕೊಟ್ಟ ಮೇಲೆ, "ಎಣ್ಣೆಯೇ ಇಲ್ವಲ್ಲ, ಇನ್ನೇನು ಭಯ" ಎಂದು ಅವರಿಗೆ ದಿನಾ ಸಂಜೆ ಒಂದು ತಟ್ಟೆ ತುಂಬ ಆಲೂಗೆಡ್ಡೆ ಬೇಕು. "ಬೇಡ ಅಂದರೆ ನಾನು ಕೆಟ್ಟವಳಾಗ್ತೀನಿ, ಕೊಟ್ಟರೆ ಕೈಯಾರೆ ಕಾಯಿಲೆ ಹೆಚ್ಚಿಸ್ತಿದ್ದೀನೇನೋ ಅನ್ನಿಸುತ್ತೆ" ಎಂದು ಬರೆದಿದ್ದಾರೆ.

ತಂಗೀ, ನಿಮಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಅಡುಗೆ ಆಮೇಲೆ. ಎಣ್ಣೆ ಬೇರೆ, ಪಿಷ್ಟ ಬೇರೆ. ಯಂತ್ರ ಎಣ್ಣೆಯನ್ನು ಉಳಿಸುತ್ತದೆ, ನಿಜ. ಆದರೆ ಆಲೂಗೆಡ್ಡೆಯೊಳಗಿನ ಪಿಷ್ಟವನ್ನು ಅದೇನೂ ಮಾಡುವುದಿಲ್ಲ. ನೂರು ಗ್ರಾಂ ಹಸಿ ಆಲೂಗೆಡ್ಡೆಯಲ್ಲಿ ಸುಮಾರು 17 ಗ್ರಾಂ ಪಿಷ್ಟಾದಿಗಳಿರುತ್ತವೆ; ಕರಿದರೂ ಅಷ್ಟೇ, ಬಿಸಿ ಗಾಳಿಯಲ್ಲಿ ಬೇಯಿಸಿದರೂ ಅಷ್ಟೇ. ಹೊಟ್ಟೆಗೆ ಹೋದ ಮೇಲೆ ಅದು ಸಕ್ಕರೆಯೇ. ಆದ್ದರಿಂದ ದಿನಾ ಸಂಜೆ ತಟ್ಟೆ ತುಂಬ ಕೊಡುವುದು ಸರಿಯಲ್ಲ. ಹಾಗೆಂದು ಪೂರಾ ನಿಲ್ಲಿಸಿ ಮನೆಯಲ್ಲಿ ಜಗಳ ಮಾಡಿಕೊಳ್ಳಬೇಕಾಗಿಯೂ ಇಲ್ಲ. ವಾರಕ್ಕೆ ಒಂದೋ ಎರಡೋ ದಿನ, ಒಂದು ಹಿಡಿ. ಅದನ್ನೂ ಸಂಜೆ ಬರಿಹೊಟ್ಟೆಗೆ ಬೇಡ, ಊಟದ ಜೊತೆಗೆ ಕೊಡಿ, ಆವತ್ತು ಅನ್ನವೋ ಮುದ್ದೆಯೋ ಅಷ್ಟು ಕಡಿಮೆ ಬಡಿಸಿ, ಪಕ್ಕದಲ್ಲಿ ಹೆಸರುಬೇಳೆ ಕೋಸಂಬರಿ ಇರಲಿ. ಉಳಿದ ಸಂಜೆಗಳಿಗೆ ಬೆಂಡೆಕಾಯಿ, ಹಾಗಲಕಾಯಿ ಇವೆ, ಕೆಳಗೆ ಬರೆದಿದ್ದೇನೆ.

ಇನ್ನೊಂದು ಉಪಾಯ. ಮನೆಯಲ್ಲೇ ಸಕ್ಕರೆ ನೋಡುವ ಪುಟ್ಟ ಮೀಟರ್ ಈಗ ಔಷಧಿ ಅಂಗಡಿಯಲ್ಲೆಲ್ಲ ಸಿಗುತ್ತದೆ. ಆಲೂಗೆಡ್ಡೆ ತಿಂದ ದಿನ ಊಟವಾಗಿ ಎರಡು ಗಂಟೆಗೆ ಒಮ್ಮೆ, ತಿನ್ನದ ದಿನ ಅದೇ ಹೊತ್ತಿಗೆ ಒಮ್ಮೆ, ಅವರೇ ಬೆರಳು ಚುಚ್ಚಿ ನೋಡಿಕೊಳ್ಳಲಿ. ಬೇಡ ಎನ್ನುವ ಕೆಲಸ ಮೀಟರ್ ಮಾಡಲಿ, ನೀವೇಕೆ ಕೆಟ್ಟವರಾಗಬೇಕು? ಆ ಅಂಕಿಗಳನ್ನು ಡಾಕ್ಟರಿಗೂ ತೋರಿಸಿ. ಮಾತ್ರೆಯ ಪ್ರಮಾಣವನ್ನು ಮಾತ್ರ ನೀವಾಗಿ ಹೆಚ್ಚು ಕಡಿಮೆ ಮಾಡಬೇಡಿ.

ಇನ್ನು ಯಂತ್ರದ ಸಂಗತಿ. ಹೆಸರು ದೊಡ್ಡದು, ಒಳಗಿರುವುದು ಸಣ್ಣದು. ಮೇಲೊಂದು ಕಾಯುವ ಸುರುಳಿ, ಅದರ ಮೇಲೊಂದು ಫ್ಯಾನು, ಕೆಳಗೆ ತೂತಿನ ಬುಟ್ಟಿ. ಬಿಸಿ ಗಾಳಿ ರಭಸವಾಗಿ ಸುತ್ತಿ ತರಕಾರಿಯ ಮೇಲ್ಮೈಯ ನೀರನ್ನು ಎಳೆದುಬಿಡುತ್ತದೆ, ಹೊರಗೆ ಗರಿಯಾಗುತ್ತದೆ, ಒಳಗೆ ಬೇಯುತ್ತದೆ. ಅಂದರೆ ಇದು ಕರಿಯುವುದಲ್ಲ, ಹುರಿಯುವುದಕ್ಕೆ ಹತ್ತಿರ. 2010ರಲ್ಲಿ ಫಿಲಿಪ್ಸ್ ಕಂಪೆನಿಯವರು ಇದನ್ನು ಮೊದಲು ಮಾರುಕಟ್ಟೆಗೆ ತಂದಾಗ "ಏರ್‌ಫ್ರೈಯರ್" ಎಂದು ಹೆಸರಿಟ್ಟರು, ಅದೇ ನಿಂತುಹೋಯಿತು. ಹಾಸನದ ಒಬ್ಬ ಓದುಗಿಯ ಅತ್ತೆಯವರು "ಬಾಂಡ್ಲೀದು ಬಾಂಡ್ಲೀದೇ, ಇದು ಸುಟ್ಟ ಗೆಣಸಿನ ಥರ" ಅಂದರಂತೆ. ಅತ್ತೆಯವರ ಮಾತು ತೆಗೆದುಹಾಕುವಂಥದ್ದಲ್ಲ. ಬಾಣಲೆಯ ರುಚಿ ಬರುತ್ತದೆ ಎಂದುಕೊಂಡು ಕೊಂಡವರಿಗೆ ನಿರಾಸೆ ಖಂಡಿತ.

ಬಾಣಲೆಯಲ್ಲಿ ಎಣ್ಣೆ ಎಷ್ಟು ಹೀರುತ್ತದೆ ಗೊತ್ತೆ? ಕರಿದ ಆಲೂಗೆಡ್ಡೆ ಕಡ್ಡಿಗಳ ತೂಕದಲ್ಲಿ ಸುಮಾರು ನೂರಕ್ಕೆ 15 ಪಾಲು, ತೆಳುವಾದ ಚಿಪ್ಸಿನಲ್ಲಿ ನೂರಕ್ಕೆ 35ರ ಸಮೀಪ ಎಣ್ಣೆಯೇ. ಅರ್ಧ ಕೆ.ಜಿ. ಆಲೂಗೆಡ್ಡೆ ಕರಿದರೆ ಏಳೆಂಟು ಟೀ ಚಮಚ ಎಣ್ಣೆ ತಟ್ಟೆಗೆ ಬಂದಂತೆ. ಯಂತ್ರದಲ್ಲಿ ಎರಡು ಚಮಚ ಸಾಕು. ಒಂದು ಚಮಚ ಎಣ್ಣೆ ಎಂದರೆ ಸುಮಾರು 40 ಕ್ಯಾಲೊರಿ, ಲೆಕ್ಕ ನೀವೇ ಹಾಕಿ. ಬಾಣಲೆಯಿಂದ ತೆಗೆದು ಆರುವಾಗಲೇ ಹೆಚ್ಚಿನ ಎಣ್ಣೆ ಒಳಗೆ ಸೇರುವುದು. ಆದ್ದರಿಂದ ಹಬ್ಬಕ್ಕೆ ಕರಿಯುವವರು ತೆಗೆದ ಕೂಡಲೇ ಬಿಸಿಯಲ್ಲೇ ಚೆನ್ನಾಗಿ ಜಾಡಿಸಿ, ಕಾಗದದ ಮೇಲೆ ಹರಡಿ. ಕರಿದ ಎಣ್ಣೆ ಮಿಕ್ಕಿತೆಂದು ನಾಲ್ಕು ದಿನ ಮತ್ತೆ ಮತ್ತೆ ಕಾಯಿಸುವ ಅಭ್ಯಾಸ ಬಿಡಬೇಕು. ಹೋಟೆಲಿನವರಿಗೇ ಇದಕ್ಕೆ ಮಿತಿ ಹಾಕಿ 2018ರ ಜುಲೈ 1ರಿಂದ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಜಾರಿಯಲ್ಲಿದೆ.

ಈಗ ಆಲೂಗೆಡ್ಡೆ. ನಮ್ಮ ಹಾಸನ ಸೀಮೆಯವರಿಗೆ ಆಲೂಗೆಡ್ಡೆಯ ಬಗ್ಗೆ ಪಾಠ ಹೇಳಬೇಕೆ? ಜಲಂಧರದಿಂದ ಲಾರಿಯಲ್ಲಿ ಬರುವ ಬಿತ್ತನೆ ಗೆಡ್ಡೆಗಾಗಿ ಎ.ಪಿ.ಎಂ.ಸಿ. ಮುಂದೆ ಕಾದು, ಮೇ-ಜೂನಿನಲ್ಲಿ ನೆಟ್ಟು, ಮೂರು ತಿಂಗಳಿಗೆ ಕಿತ್ತವರ ಮನೆಗಳು ನಿಮ್ಮವು. ಅಂಗಮಾರಿ ಬಂದು ಬಂದು ಎಷ್ಟೋ ಜನ ಜೋಳಕ್ಕೂ ಶುಂಠಿಗೂ ತಿರುಗಿದರು, ಆ ಮಾತು ಬೇರೆ. ಆದರೆ ಒಂದು ಸಂಗತಿ ತಿಳಿದಿರಲಿ: ಇಲ್ಲಿ ಬಹಳವಾಗಿ ಬೆಳೆದದ್ದು ಕುಫ್ರಿ ಜ್ಯೋತಿ, 1968ರಲ್ಲಿ ಬಿಡುಗಡೆಯಾದ ತಳಿ. ಸಾರಿಗೆ, ಪಲ್ಯಕ್ಕೆ ಬಲು ಚೆನ್ನ. ಗರಿಗರಿ ಕಡ್ಡಿಗಳಿಗೆಂದೇ ಕುಫ್ರಿ ಚಿಪ್ಸೋನಾ, ಕುಫ್ರಿ ಫ್ರೈಸೋನಾ ಎಂಬ ತಳಿಗಳು ಬೇರೆ ಇವೆ. ಅವುಗಳಲ್ಲಿ ನೀರಿನಂಶವೂ ಸಕ್ಕರೆಯೂ ಕಡಿಮೆ. ಅಂಗಡಿಯ ಪೊಟ್ಟಣದ ಗರಿ ನಮ್ಮ ಜ್ಯೋತಿಗೆ ಬರಲಿಲ್ಲವೆಂದರೆ ಅದರಲ್ಲಿ ನಿಮ್ಮ ಕೈಗುಣದ ದೋಷವೇನೂ ಇಲ್ಲ.

ಸುಟ್ಟುಹೋಗುತ್ತದೆ ಎಂದವರು ಇದನ್ನು ಗಮನಿಸಿ. ತಣ್ಣನೆಯ ಜಾಗದಲ್ಲಿ ಬಹಳ ದಿನ ಇದ್ದ ಆಲೂಗೆಡ್ಡೆಯಲ್ಲಿ ಪಿಷ್ಟ ಸಕ್ಕರೆಯಾಗಿರುತ್ತದೆ. ಕೋಲ್ಡ್ ಸ್ಟೋರೇಜಿನಿಂದ ಬಂದದ್ದು, ಫ್ರಿಜ್ಜಿನಲ್ಲಿಟ್ಟದ್ದು ತುಸು ಸಿಹಿಯಾಗಿರುವುದು ಅದಕ್ಕೇ. ಒಳಗೆ ಬೇಯುವ ಮೊದಲೇ ಅದು ಕಪ್ಪಗಾಗುತ್ತದೆ. ಕಟ್ಟಿನಕೆರೆ ಮಾರುಕಟ್ಟೆಯಿಂದಲೋ ಸಂತೆಯಿಂದಲೋ ತಂದದ್ದನ್ನು ಒಂದು ವಾರ ಹತ್ತು ದಿನ ಗೋಣಿಚೀಲದಲ್ಲಿ, ಬೆಳಕು ಬೀಳದ ಕಡೆ ಹೊರಗೇ ಇಟ್ಟು ಬಳಸಿ, ವ್ಯತ್ಯಾಸ ಕಾಣುತ್ತೀರಿ. ಸಿಪ್ಪೆ ಹಸಿರಾದದ್ದನ್ನು ಬಿಸಾಡಿ.

ಕಪ್ಪಗಾದದ್ದನ್ನು ಮಕ್ಕಳಿಗೆ ಕೊಡಲೂಬೇಡಿ. ಪಿಷ್ಟದ ಪದಾರ್ಥವನ್ನು ತೀವ್ರ ಶಾಖದಲ್ಲಿ ಕಂದಿಸಿದಾಗ ಅಕ್ರಿಲಮೈಡ್ ಎಂಬ ಬೇಡದ ವಸ್ತು ಹುಟ್ಟುತ್ತದೆಂದು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದರು. ಕರಿದರೂ ಹುಟ್ಟುತ್ತದೆ, ಈ ಯಂತ್ರದಲ್ಲಿಯೂ ಹುಟ್ಟುತ್ತದೆ. ಹೊಂಬಣ್ಣ ಬಂದೊಡನೆ ತೆಗೆಯಿರಿ. ಹೆಚ್ಚಿದ ಮೇಲೆ ನೀರಿನಲ್ಲಿ ನೆನೆಸುವುದರಿಂದಲೂ ಸಕ್ಕರೆ ಕೊಂಚ ಹೋಗುತ್ತದೆ.

ಮಾಡುವ ವಿಧಾನ. ನಾಲ್ವರಿಗೆ ಅರ್ಧ ಕೆ.ಜಿ. ದಪ್ಪ ಆಲೂಗೆಡ್ಡೆ, ಎರಡು ಟೀ ಚಮಚ ಕಡಲೆಕಾಯಿ ಎಣ್ಣೆ, ಒಂದು ಚಮಚ ಅಕ್ಕಿಹಿಟ್ಟು, ಉಪ್ಪು, ಕಾಳುಮೆಣಸಿನ ಪುಡಿ. ಸಿಪ್ಪೆ ತೆಗೆದು ಕಿರುಬೆರಳಿಗಿಂತ ತುಸು ತೆಳ್ಳಗೆ, ಎಲ್ಲ ಒಂದೇ ಗಾತ್ರಕ್ಕೆ ಹೆಚ್ಚಿ. ನೀರು ತಿಳಿಯಾಗುವವರೆಗೆ ಎರಡು ಮೂರು ಸಲ ತೊಳೆದು ಅರ್ಧ ಗಂಟೆ ತಣ್ಣೀರಿನಲ್ಲಿ ಬಿಡಿ. ಆಮೇಲೆ ಕುದಿಯುವ ನೀರಿಗೆ ಒಂದು ಹೋಳು ನಿಂಬೆಹಣ್ಣು ಹಿಂಡಿ ಮೂರು ನಿಮಿಷ ಹಾಕಿ ತೆಗೆಯಿರಿ. ಹುಳಿ ಇದ್ದರೆ ಕಡ್ಡಿ ಮುರಿಯದು. ಬಟ್ಟೆಯ ಮೇಲೆ ಹರಡಿ ಹತ್ತು ನಿಮಿಷ ಫ್ಯಾನಿನಡಿ ಆರಲಿ. ರಬ್ಬರಿನಂತಾಗುತ್ತದೆ ಎನ್ನುವವರು ಹೆಚ್ಚಾಗಿ ಈ ಹತ್ತು ನಿಮಿಷ ಕಾಯದವರು. ನೀರು ಉಳಿದರೆ ಗಾಳಿ ಆ ನೀರನ್ನು ಒಣಗಿಸುವುದರಲ್ಲೇ ಸುಸ್ತಾಗುತ್ತದೆ. ಈಗ ಎಣ್ಣೆ, ಅಕ್ಕಿಹಿಟ್ಟು ಸವರಿ. ಒಂದು ತೊಟ್ಟೂ ಎಣ್ಣೆ ಇಲ್ಲದೆ ಮಾಡುತ್ತೇನೆ ಎಂಬ ಹಟ ಬೇಡ, ಒಣಕಲಾಗುತ್ತದೆ.

ಬುಟ್ಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. 180 ಡಿಗ್ರಿಯಲ್ಲಿ ಹನ್ನೆರಡು ನಿಮಿಷ, ನಡುವೆ ಎರಡು ಸಲ ಮೊರ ಕೊಡವುವಂತೆ ಕೊಡವಿ. ಆಮೇಲೆ 200 ಡಿಗ್ರಿಗೆ ಏರಿಸಿ ನಾಲ್ಕೈದು ನಿಮಿಷ. ಈ ಕೊನೆಯ ಹೊತ್ತಿನಲ್ಲಿ ಧಾರಾವಾಹಿ ನೋಡಲು ಹೋಗಬೇಡಿ. ಉಪ್ಪು, ಮೆಣಸಿನ ಪುಡಿ ತೆಗೆದ ಮೇಲೆ ಉದುರಿಸಿ. ಉಪ್ಪಿನ ಕೈ ಹಿಡಿತದಲ್ಲಿರಲಿ; ಇಡೀ ದಿನಕ್ಕೆ ಒಬ್ಬರಿಗೆ ಐದು ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಬಿ.ಪಿ. ಇದ್ದವರ ಮನೆಯಲ್ಲಿ ಇದು ನೆನಪಿರಬೇಕು.

ಬೆಂಡೆಕಾಯಿ ನನ್ನ ಲೆಕ್ಕದಲ್ಲಿ ಈ ಯಂತ್ರಕ್ಕೆ ಹೇಳಿ ಮಾಡಿಸಿದ ತರಕಾರಿ. ಎಳೆಯದನ್ನು ತೊಳೆದು ಒರೆಸಿ ಉದ್ದಕ್ಕೆ ನಾಲ್ಕು ಸೀಳಿ, ಕಾಲು ಕೆ.ಜಿ.ಗೆ ಒಂದು ಚಮಚ ಎಣ್ಣೆ, ಎರಡು ಚಮಚ ಕಡಲೆಹಿಟ್ಟು, ಅಚ್ಚ ಖಾರದ ಪುಡಿ, ಚಿಟಿಕೆ ಅರಿಶಿನ ಸವರಿ 180ರಲ್ಲಿ ಹತ್ತು ಹನ್ನೆರಡು ನಿಮಿಷ. ಲೋಳೆಯ ಸುಳಿವೂ ಇರುವುದಿಲ್ಲ. ಹಾಗಲಕಾಯಿಯನ್ನು ತೆಳ್ಳಗೆ ಬಿಲ್ಲೆ ಮಾಡಿ ಉಪ್ಪು ಸವರಿ ಇಟ್ಟು ಹಿಂಡಿ ಇದೇ ರೀತಿ ಮಾಡಿ, ಮೂರ್ನಾಲ್ಕು ನಿಮಿಷ ಹೆಚ್ಚು. ಬಾಳೆಕಾಯಿಯನ್ನು ಹೆಚ್ಚಿದೊಡನೆ ಅರಿಶಿನ ಬೆರೆಸಿದ ಮಜ್ಜಿಗೆ ನೀರಿಗೆ ಹಾಕಿದರೆ ಕಪ್ಪಾಗದು; ಚನ್ನರಾಯಪಟ್ಟಣದವರು ಕೊಬ್ಬರಿ ಎಣ್ಣೆ ಸವರಿ ನೋಡಿ, ಪರಿಮಳವೇ ಬೇರೆ. ಸಿಹಿಗೆಣಸು ಬೇಗ ಕಂದುತ್ತದೆ, 180 ದಾಟಿಸಬೇಡಿ. ಸುವರ್ಣಗೆಡ್ಡೆಯನ್ನು ಹುಣಿಸೆ ನೀರಿನಲ್ಲಿ ಬೇಯಿಸಿಕೊಂಡು ಹಾಕಿ, ಇಲ್ಲದಿದ್ದರೆ ಗಂಟಲು ಕೆರೆತ. ಬೀಟ್‌ರೂಟು, ಕ್ಯಾರೆಟ್ಟು ಮೆತ್ತಗೇ ಉಳಿಯುತ್ತವೆ, ಗರಿ ಆಸೆ ಬಿಡಿ. ಬಜ್ಜಿ, ಬೋಂಡ ಇದರಲ್ಲಿ ಆಗುವುದಿಲ್ಲ, ಹಿಟ್ಟು ತೂತಿನಲ್ಲಿ ಸೋರುತ್ತದೆ. ಬಿಡಿ ಕರಿಬೇವು ಹಾಕಿದರೆ ಹಾರಿ ಸುರುಳಿಗೆ ಅಂಟಿ ಸೀದ ವಾಸನೆ.

ಅರಕಲಗೂಡಿನವರು "ಇಲ್ಲದವರು ಕೊಳ್ಳಬೇಕೇ" ಎಂದು ಕೇಳಿದ್ದಾರೆ, ಪಕ್ಕದ ಮನೆಯವರ ಪರವಾಗಿ. ಇಬ್ಬರು ಮೂವರ ಸಂಸಾರ, ಮನೆಯಲ್ಲಿ ಎಣ್ಣೆ ಬಿಡಲೇಬೇಕಾದವರಿದ್ದಾರೆ ಎಂದರೆ ಕೊಳ್ಳಬಹುದು. ಏಳೆಂಟು ಜನರ ಮನೆಗೆ ಬುಟ್ಟಿ ಸಾಲದು; ಮೂರು ಸಲ ಬೇಯಿಸುವಷ್ಟರಲ್ಲಿ ಮೊದಲಿನದು ತಣ್ಣಗಾಗಿ, ಮಾಡಿದವಳ ಪಾಲಿಗೆ ತಳದ ಚೂರು. ದಪ್ಪ ಕಬ್ಬಿಣದ ಕಾವಲಿ ನಿಮ್ಮಲ್ಲಿದೆಯಲ್ಲ? ಹೀಗೇ ಆರಿಸಿದ ಕಡ್ಡಿಗಳನ್ನು ಎರಡು ಚಮಚ ಎಣ್ಣೆಯಲ್ಲಿ ಒಂದರ ಮೇಲೊಂದು ಬೀಳದಂತೆ ಹರಡಿ, ಐದು ನಿಮಿಷ ಮುಚ್ಚಿ, ಮುಚ್ಚಳ ತೆಗೆದು ಸಣ್ಣ ಉರಿಯಲ್ಲಿ ಹೊರಳಿಸುತ್ತಾ ಹತ್ತು ನಿಮಿಷ. ಮುಕ್ಕಾಲುಪಾಲು ಗರಿ ಬಂದೇ ಬರುತ್ತದೆ.

ಕೊಂಡವರು ಕರೆಂಟಿನ ಕಡೆ ಎಚ್ಚರ. ಯಂತ್ರ 1500 ವಾಟಿನದಾದರೆ ಆರು ಆಂಪಿಯರಿನ ಸಣ್ಣ ಪ್ಲಗ್ಗು ತಾಳದು, ಮಿಕ್ಸಿಯ ಜೊತೆ ಎಕ್ಸ್‌ಟೆನ್ಷನ್ ಪೆಟ್ಟಿಗೆಗೆ ಸಿಕ್ಕಿಸಲೇಬೇಡಿ. ಗೀಸರಿನಂಥ ದಪ್ಪ ಪ್ಲಗ್ಗೇ ಬೇಕು. ಇಪ್ಪತ್ತು ನಿಮಿಷಕ್ಕೆ ಹೆಚ್ಚೆಂದರೆ ಅರ್ಧ ಯೂನಿಟ್ಟು. ಹಿಂಭಾಗದಿಂದ ಬಿಸಿ ಹಬೆ ಬರುವುದರಿಂದ ಗೋಡೆಗೆ ಒತ್ತರಿಸಿ ಇಡಬಾರದು. ಬುಟ್ಟಿಯನ್ನು ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಸಿ ಮೆತ್ತನೆಯ ಬಟ್ಟೆಯಲ್ಲಿ ಉಜ್ಜಿ. ತೆಂಗಿನ ನಾರು, ಸ್ಟೀಲ್ ಜುಂಗು ತಾಗಿದರೆ ಮೇಲಿನ ಲೇಪ ಏಳುತ್ತದೆ.

ಹೊಳೆನರಸೀಪುರದ ತಂಗೀ, ಮೀಟರ್ ಏನು ಹೇಳಿತು ಎಂದು ತಿಂಗಳ ನಂತರ ಒಂದು ಕಾಗದ ಹಾಕಿ. ಯಜಮಾನರಿಗೆ ಬೆಂಡೆಕಾಯಿ ಹಿಡಿಸಿತೇ ಎಂಬುದನ್ನೂ ಬರೆಯಿರಿ.