ತೂತು ಬಿದ್ದ ಗೂಡು

ಅಭ್ಯಾಸ ಬೋಧನೆಯ ಎರಡನೇ ವಾರದಲ್ಲಿ ನಾನು ಮೂರನೇ ತರಗತಿಗೆ ಚಿಟ್ಟೆಯ ಜೀವನಚಕ್ರದ ಪಾಠ ಮಾಡಿದೆ. ಕಾಲೇಜಿನ ಗ್ರಂಥಾಲಯದಿಂದ ಎರಿಕ್ ಕಾರ್ಲ್ ಅವರ ‘ದಿ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್’ ಚಿತ್ರಪುಸ್ತಕವನ್ನು ಒಯ್ದಿದ್ದೆ. ಪಾಠ ಯೋಜನೆಯಲ್ಲಿ ಅದಕ್ಕೆ ಸಿಕ್ಕಿದ್ದು ಒಂದೇ ಸಾಲು: ಪೀಠಿಕೆ, ಚಿತ್ರ ತೋರಿಸುವುದು, ಐದು ನಿಮಿಷ. ಕಂಬಳಿಹುಳು ಸೋಮವಾರ ಒಂದು ಸೇಬು ತಿನ್ನುತ್ತದೆ, ಮಂಗಳವಾರ ಎರಡು ಪೇರ್ ಹಣ್ಣು. ತಿಂದಲ್ಲೆಲ್ಲ ಪುಟದಲ್ಲಿ ನಿಜವಾದ ತೂತು. ಮಕ್ಕಳು ತೂತಿನೊಳಗೆ ಬೆರಳು ತೂರಿಸಲು ಮುಗಿಬಿದ್ದರು. ಕೊನೆಗೆ ಹುಳು ಗೂಡು ಕಟ್ಟಿ, ಅದನ್ನು ಕೊರೆದು, ಬಣ್ಣದ ಚಿಟ್ಟೆಯಾಗಿ ಹೊರಬಂತು.

ಆಗ ಎರಡನೇ ಸಾಲಿನಿಂದ ಒಬ್ಬ ಹುಡುಗಿ ಎದ್ದಳು. “ಮಿಸ್, ಗೂಡಿಂದ ಬರೋ ಚಿಟ್ಟೆ ಬೆಳ್ಳಗಿರ್ತೈತೆ. ಹಾರಲ್ಲ. ಗೂಡು ತೂತಾದ್ರೆ ಮಾರ್ಕೆಟ್ಟಲ್ಲಿ ಯಾರೂ ತಗೊಳ್ಳಲ್ಲ.”

ಆ ಊರಿನಲ್ಲಿ ಅರ್ಧಕ್ಕರ್ಧ ಮನೆಗಳಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಅದು ನನಗೂ ಗೊತ್ತಿತ್ತು. ಆದರೆ ಐದು ನಿಮಿಷ ಮುಗಿದು ಆರನೆಯದು ನಡೆಯುತ್ತಿತ್ತು, ಹಿಂದಿನ ಬೆಂಚಿನಲ್ಲಿ ವೀಕ್ಷಕರು ಕೂತಿದ್ದರು. “ಆಮೇಲೆ ಹೇಳುವೆಯಂತೆ, ಕೂತ್ಕೊ” ಎಂದೆ. ಅವಳು ಕೂತಳು. ಆ ದಿನ ‘ತರಗತಿ ನಿಯಂತ್ರಣ ಚೆನ್ನಾಗಿದೆ’ ಎಂಬ ಷರಾ ಬಂತು. ಆ ‘ಆಮೇಲೆ’ ಆ ಪಾಠದಲ್ಲಿ ಬರಲೇ ಇಲ್ಲ.

ಪುಸ್ತಕ ಹಿಂತಿರುಗಿಸುವ ಮೊದಲು ಅದನ್ನು ಬರೆದವರು ಯಾರೆಂದು ಹುಡುಕಿ ಓದಿದೆ. ಓದಿದ ಮೇಲೆ ನನ್ನ ‘ಕೂತ್ಕೊ’ ಎಂಬ ಮಾತು ಇನ್ನಷ್ಟು ಚುಚ್ಚಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಾರ್ಲ್ ಹುಟ್ಟಿದ್ದು 1929ರಲ್ಲಿ, ಅಮೆರಿಕದ ಸಿರಾಕ್ಯೂಸ್ ನಗರದಲ್ಲಿ. ತಂದೆತಾಯಿ ಜರ್ಮನಿಯಿಂದ ವಲಸೆ ಬಂದವರು. ಅಲ್ಲಿನ ಒಂದನೇ ತರಗತಿಯ ಕೊಠಡಿಯನ್ನು ಅವರು ಮುಪ್ಪಿನವರೆಗೂ ನೆನೆಯುತ್ತಿದ್ದರು: ಬಿಸಿಲು ತುಂಬಿದ ಕೋಣೆ, ದೊಡ್ಡ ಹಾಳೆ, ದಪ್ಪ ಕುಂಚ, ಬಣ್ಣ. ಮಿಸ್ ಫ್ರಿಕಿ ಎಂಬ ಶಿಕ್ಷಕಿ ಅವರ ತಾಯಿಯನ್ನು ಕರೆಸಿದರು. ಮಗ ಏನೋ ತಪ್ಪು ಮಾಡಿದ್ದಾನೆಂದು ಹೆದರಿಕೊಂಡೇ ತಾಯಿ ಹೋದರಂತೆ (ನಮ್ಮಲ್ಲೂ ಶಾಲೆಯಿಂದ ಕರೆ ಬಂದರೆ ಹಾಗೆಯೇ ಅಲ್ಲವೆ). ಶಿಕ್ಷಕಿ ಹೇಳಿದ್ದು ಇಷ್ಟೇ: ಇವನು ಚೆನ್ನಾಗಿ ಚಿತ್ರ ಬರೆಯುತ್ತಾನೆ, ಇದನ್ನು ಬೆಳೆಸಿ.

1935ರಲ್ಲಿ ಕುಟುಂಬ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಮರಳಿತು. ಹೊಸ ಶಾಲೆಯಲ್ಲಿ ಚಿಕ್ಕ ಹಾಳೆ, ಗಟ್ಟಿ ಪೆನ್ಸಿಲ್, ತಪ್ಪಾಗಬಾರದೆಂಬ ಎಚ್ಚರಿಕೆ. ಜೊತೆಗೆ ಅಂಗೈಗೆ ಬೆತ್ತದೇಟು. ಆರು ವರ್ಷದ ಹುಡುಗ ಮನೆಗೆ ಮರಳುವುದು ಯಾವಾಗ ಎಂದು ಕೇಳುತ್ತಲೇ ಇದ್ದ. ಮರಳುವುದಿಲ್ಲವೆಂದು ತಿಳಿದಾಗ, ದೊಡ್ಡವನಾಗಿ ಸೇತುವೆ ಕಟ್ಟುವವನಾಗುತ್ತೇನೆ, ಜರ್ಮನಿಯಿಂದ ಅಮೆರಿಕಕ್ಕೆ ಸೇತುವೆ ಕಟ್ಟಿ ಅಜ್ಜಿಯ ಕೈ ಹಿಡಿದು ದಾಟುತ್ತೇನೆ ಎಂದುಕೊಂಡ. ಹುಟ್ಟನ್ನು ಬಿಟ್ಟರೆ ಮಗು ಎದುರಿಸುವ ದೊಡ್ಡ ಆಘಾತ ಮನೆಯಿಂದ ಶಾಲೆಗೆ ಹೋಗುವುದೇ ಎಂದು ಅವರು ನಂತರ ಹೇಳಿದ್ದರ ಹಿಂದೆ ಈ ದಿನಗಳಿವೆ. ಬೆರಳು ತೂರಿಸುವ ತೂತು, ಚಿಕ್ಕದರಿಂದ ದೊಡ್ಡದಾಗುವ ಪುಟ, ಆಟಿಕೆಯಂತಿರುವ ಪುಸ್ತಕ: ಮನೆಯ ಆಟಕ್ಕೂ ಶಾಲೆಯ ಓದಿಗೂ ನಡುವೆ ಅವರು ಕಟ್ಟಿದ ಸೇತುವೆ ಇದು.

ಅವರ ತಂದೆ ಮಗನನ್ನು ಕಾಡಿಗೆ ಕರೆದೊಯ್ದು, ಕಲ್ಲು ಮಗುಚಿ, ಮರದ ತೊಗಟೆ ಎತ್ತಿ, ಒಳಗಿನ ಹುಳುಹುಪ್ಪಟೆ ತೋರಿಸುತ್ತಿದ್ದರು. 1939ರಲ್ಲಿ ತಂದೆಯನ್ನು ಸೇನೆಗೆ ಎಳೆದೊಯ್ದರು. ಸೋವಿಯತ್ ಸೆರೆಯಿಂದ ಅವರು ಮರಳಿದ್ದು ಎಂಟು ವರ್ಷಗಳ ನಂತರ, ಸುಮಾರು 38 ಕೆ.ಜಿ. ತೂಕದ ಕುಗ್ಗಿದ ಮನುಷ್ಯನಾಗಿ. ಅಷ್ಟರಲ್ಲಿ ಮಗ ಹದಿನೈದಕ್ಕೇ ಗಡಿಯಲ್ಲಿ ಕಂದಕ ತೋಡಿ ಬಂದಿದ್ದ.

ನಾವು ಪ್ರಶಿಕ್ಷಣಾರ್ಥಿಗಳು ಗಮನಿಸಬೇಕಾದ ಇನ್ನೊಬ್ಬರು ಕ್ರೌಸ್ ಎಂಬ ಚಿತ್ರಕಲಾ ಶಿಕ್ಷಕರು. ಅದು ಹಿಟ್ಲರನ ಆಳ್ವಿಕೆ. ಇದ್ದದ್ದನ್ನು ಇದ್ದ ಹಾಗೆ ಬರೆಯುವ ಚಿತ್ರವನ್ನಷ್ಟೇ ಕಲಿಸಬೇಕೆಂದು ಅವರಿಗೆ ಆದೇಶವಿತ್ತು. ಆ ಹುಡುಗನ ಗೆರೆಯ ಸಡಿಲತೆ ಅವರಿಗೆ ಹಿಡಿಸಿತು. ಒಂದು ದಿನ ಅವನನ್ನು ಮನೆಗೆ ಕರೆದು, ಬಚ್ಚಿಟ್ಟಿದ್ದ ಪೆಟ್ಟಿಗೆ ತೆರೆದು, ನಿಷೇಧಿಸಿದ ಚಿತ್ರಗಳ ಪ್ರತಿಗಳನ್ನು ತೋರಿಸಿದರು. ಅವುಗಳಲ್ಲಿ ಫ್ರಾಂಜ್ ಮಾರ್ಕ್ ಬರೆದ ನೀಲಿ ಕುದುರೆಯೂ ಇತ್ತು. ಸಿಕ್ಕಿಬಿದ್ದಿದ್ದರೆ ಕ್ರೌಸ್ ಅವರ ಕೆಲಸವಷ್ಟೇ ಹೋಗಿ ಮುಗಿಯುತ್ತಿರಲಿಲ್ಲ. ಸುಮಾರು ಎಪ್ಪತ್ತು ವರ್ಷಗಳ ನಂತರ, 2011ರಲ್ಲಿ, ಕಾರ್ಲ್ ನೀಲಿ ಕುದುರೆ ಬರೆದ ಕಲಾವಿದನ ಬಗ್ಗೆಯೇ ಒಂದು ಮಕ್ಕಳ ಪುಸ್ತಕ ಮಾಡಿದರು.

ಮುಂದಿನದನ್ನು ಬೇಗ ಹೇಳುತ್ತೇನೆ. ಸ್ಟುಟ್‌ಗಾರ್ಟ್‌ನಲ್ಲಿ ಕಲಾಶಿಕ್ಷಣ ಮುಗಿಸಿ, 1952ರಲ್ಲಿ ಜೇಬಿನಲ್ಲಿ 40 ಡಾಲರ್ ಇಟ್ಟುಕೊಂಡು ನ್ಯೂಯಾರ್ಕ್‌ಗೆ ಬಂದರು. ಮೊದಲು ಪತ್ರಿಕೆಯೊಂದರಲ್ಲಿ, ಆಮೇಲೆ ಜಾಹೀರಾತು ಸಂಸ್ಥೆಯಲ್ಲಿ ಕೆಲಸ. ಜಾಹೀರಾತಿಗಾಗಿ ಮಾಡಿದ ಒಂದು ಕೆಂಪು ಸಮುದ್ರ ಸೀಗಡಿಯ ಚಿತ್ರ ಕಂಡು ಬಿಲ್ ಮಾರ್ಟಿನ್ ಎಂಬ ಶಿಕ್ಷಣತಜ್ಞರು ತಮ್ಮ ಪುಸ್ತಕಕ್ಕೆ ಚಿತ್ರ ಬರೆಯಲು ಕರೆದರು. ಅದು 1967ರಲ್ಲಿ ಬಂತು. ಆಗ ಕಾರ್ಲ್‌ಗೆ ನಲವತ್ತು ಹತ್ತಿರ. ತೆಳು ಕಾಗದಕ್ಕೆ ತಾವೇ ಬಣ್ಣ ಬಳಿದು, ಒಣಗಿಸಿ, ಕತ್ತರಿಸಿ ಅಂಟಿಸುವುದು ಅವರ ವಿಧಾನ. ನಮ್ಮ ಮಕ್ಕಳೂ ಮಾಡಬಹುದಾದ ಕೆಲಸ. ಒಮ್ಮೆ ಸುಮ್ಮನೆ ಪಂಚಿಂಗ್ ಯಂತ್ರದಿಂದ ಕಾಗದದ ಕಟ್ಟಿಗೆ ತೂತು ಹೊಡೆಯುತ್ತಿದ್ದಾಗ ಪುಸ್ತಕದ ಹುಳು ನೆನಪಾಯಿತು. ಹುಳುವಿನ ಬದಲು ಕಂಬಳಿಹುಳು ಆಗಬಹುದೇ ಎಂದು ಸಂಪಾದಕಿ ಕೇಳಿದರು, ಹಾಗಾದರೆ ಚಿಟ್ಟೆ ಎಂದು ಇವರು ಕೂಗಿದರು. ತೂತಿನ ಪುಟಗಳನ್ನು ಕೈಗೆಟಕುವ ದರದಲ್ಲಿ ಮಾಡುವ ಮುದ್ರಕರು ಅಮೆರಿಕದಲ್ಲಿ ಸಿಗದೆ ಜಪಾನಿನಲ್ಲಿ ಅಚ್ಚು ಹಾಕಿಸಿದರು. 1969ರ ಆ ಪುಸ್ತಕ ಅರುವತ್ತಕ್ಕೂ ಹೆಚ್ಚು ಭಾಷೆಗಳಿಗೆ ಹೋಗಿದೆ. ಕಾರ್ಲ್ 2021ರಲ್ಲಿ, 91ನೇ ವಯಸ್ಸಿನಲ್ಲಿ ತೀರಿಕೊಂಡರು.

ಇನ್ನು ನಮ್ಮ ಹುಡುಗಿಯ ಪ್ರಶ್ನೆ. ಅವಳು ಹೇಳಿದ್ದು ಸರಿ. ರೇಷ್ಮೆನೂಲಿನ ಗೂಡು ಕಟ್ಟುವುದು ಪತಂಗದ ಹುಳು. ಚಿಟ್ಟೆಯ ಹುಳು ಸಾಮಾನ್ಯವಾಗಿ ಗೂಡು ನೇಯುವುದಿಲ್ಲ. ಚರ್ಮ ಕಳಚಿ ಬರಿಯ ಕೋಶವಾಗಿ ಎಲೆಗೋ ಕಡ್ಡಿಗೋ ನೇತುಬೀಳುತ್ತದೆ. ಇದನ್ನು ಓದುಗರು ಕಾರ್ಲ್‌ಗೂ ಕೇಳಿದ್ದಾರೆ. ಚಿಕ್ಕಂದಿನಲ್ಲಿ ತಂದೆ ತಮಗೆ ‘ಗೂಡಿನಿಂದ ಹೊರಗೆ ಬಾ’ ಎನ್ನುತ್ತಿದ್ದರು, ಅದಕ್ಕೇ ಆ ಪದ ಎಂದು ಅವರು ಉತ್ತರಿಸಿದರು. ಆ ತಂದೆಯ ಕಥೆ ತಿಳಿದವರಿಗೆ ಈ ಉತ್ತರ ತಟ್ಟುತ್ತದೆ. ಆದರೂ ಇಲ್ಲಿ ನಾನು ಅವರ ಪರ ವಾದಿಸಲಾರೆ. ನೀಲಿ ಕುದುರೆ ಕಂಡ ಮಗು ಕುದುರೆಗಳು ನೀಲಿ ಎಂದು ನಂಬುವುದಿಲ್ಲ, ಸಂತೋಷಪಡುತ್ತದೆ. ಚಿಟ್ಟೆ ಗೂಡಿನಿಂದ ಬಂತು ಎಂದರೆ ನಂಬುತ್ತದೆ. ನಾನೂ ಆ ದಿನದವರೆಗೆ ನಂಬಿದ್ದೆ. ಹಾಗಂತ ಪುಸ್ತಕವನ್ನು ಬೀರುವಿನಲ್ಲಿ ಬೀಗ ಹಾಕಿಡಬೇಕಿಲ್ಲ. ಅದು ತೆರೆದದ್ದರಿಂದಲೇ ಒಂದು ಮಗು ತನ್ನ ಮನೆಯನ್ನು ತರಗತಿಗೆ ತಂದಿತು. ಪುಸ್ತಕ ತನ್ನ ಕೆಲಸ ಮಾಡಿತು, ಶಿಕ್ಷಕಿ ಮಾಡಲಿಲ್ಲ.

ನಾನು ಬೆತ್ತ ಹಿಡಿದಿರಲಿಲ್ಲ, ನಿಜ. ಆದರೆ ತಪ್ಪಾಗಬಾರದ ಚಿಕ್ಕ ಹಾಳೆಯನ್ನೇ ನನ್ನ ಪಾಠ ಯೋಜನೆ ಆ ಮಕ್ಕಳ ಮುಂದೆ ಇಟ್ಟಿತ್ತು. ನಮ್ಮ ವೀಕ್ಷಣಾ ನಮೂನೆಯಲ್ಲಿ ಶಿಕ್ಷಕಿ ಕೇಳಿದ ಪ್ರಶ್ನೆಗಳಿಗೆ ಅಂಕವಿದೆ, ಮಕ್ಕಳು ಕೇಳಿದ ಪ್ರಶ್ನೆಗಳಿಗೆ ಒಂದು ಕಾಲಂ ಕೂಡ ಇಲ್ಲ. ಮುಂದಿನ ವರ್ಷದ ನಮೂನೆಗೆ ಅದನ್ನು ಸೇರಿಸಬೇಕೆಂದು ನಮ್ಮ ಉಪನ್ಯಾಸಕರನ್ನು ಈ ಮೂಲಕ ಕೇಳಿಕೊಳ್ಳುತ್ತೇನೆ. ಚಿತ್ರಪುಸ್ತಕವನ್ನು ಪೀಠಿಕೆಯ ಐದು ನಿಮಿಷದಿಂದ ಬಿಡಿಸಿ, ಒಂದು ಪೂರ್ತಿ ಅವಧಿಯ ಓದಾಗಿ ಎಣಿಸಲು ಒಪ್ಪಿಗೆಯೂ ಬೇಕು. ಪಠ್ಯಭಾಗ ಮುಗಿಯುವುದಿಲ್ಲ ಎಂದು ಸಹಪಾಠಿಗಳು ಹೇಳುತ್ತಾರೆ. ಒಂದು ಪಾಠ ಹಿಂದೆ ಬೀಳಬಹುದು. ಬೀಳಲಿ.

ನಂತರದ ವಾರ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಆ ಹುಡುಗಿಯ ಪಕ್ಕ ಕೂತೆ. ಮೊದಲು ಮಾತಾಡಲಿಲ್ಲ. ಆಮೇಲೆ ಹುಳುವಿಗೆ ನಾಲ್ಕು ಸಲ ಜ್ವರ ಬರುವುದು, ಆಗ ಸೊಪ್ಪು ಮುಟ್ಟದಿರುವುದು, ಹಣ್ಣಾದ ಮೇಲೆ ಚಂದ್ರಿಕೆಗೆ ಬಿಡುವುದು, ಎಲ್ಲ ಹೇಳಿದಳು. ಅವರಮ್ಮ ಎರಡು ಗೂಡನ್ನು ಮಾರದೆ ಎತ್ತಿಟ್ಟಿದ್ದಾರಂತೆ. ಅವು ಈಗ ತರಗತಿಯ ಕಿಟಕಿಯಲ್ಲಿ, ರಟ್ಟಿನ ಡಬ್ಬಿಯಲ್ಲಿವೆ. ಚಿಟ್ಟೆ ಹೊರಬರಲು ಇನ್ನೂ ಹತ್ತು ದಿನ ಬೇಕೆನ್ನುತ್ತಾಳೆ. ಅಷ್ಟರಲ್ಲಿ ನನ್ನ ಅಭ್ಯಾಸ ಬೋಧನೆ ಮುಗಿದಿರುತ್ತದೆ. ಆ ದಿನ ನನ್ನ ಹೆಸರಿಗೆ ಪಾಠವಿಲ್ಲ, ಆದರೂ ಹೋಗುತ್ತೇನೆಂದು ಅವಳಿಗೆ ಹೇಳಿ ಬಂದಿದ್ದೇನೆ.